ಬಾಗಿಲಿನ ಈಚೆಗೊಂದು, ಆಚೆಗೊಂದು

ಶನಿವಾರ ಬೆಳಿಗ್ಗೆ ಹೂಫ್‌ಡಾರ್ಪಿನ ನಮ್ಮ ಅಡುಗೆಮನೆಯಲ್ಲಿ ನಿಂತು, ಪುಳಿಯೋಗರೆಯ ಡಬ್ಬಿಯ ಜೊತೆಗೆ ಚಮಚಗಳನ್ನು ಚೀಲಕ್ಕೆ ಹಾಕಿಕೊಳ್ಳುವಾಗ ನನ್ನ ಕೈ ತಾನಾಗಿಯೇ ಮೂರನ್ನು ಎತ್ತಿಕೊಂಡಿತು. ಹೊರಟವರು ಇಬ್ಬರೇ, ನಾನು ಮತ್ತು ನನ್ನ ಯಜಮಾನರು. ಮೂರನೆಯ ಚಮಚದ ಒಡತಿ, ನಮ್ಮ ಮಗಳು ಚಿನ್ಮಯಿ, ಮಣ್ಣಿನ ವಿಷಯ ಓದುತ್ತೇನೆಂದು ವಾಗೆನಿಂಗನ್ನಿಗೆ ಹೋಗಿ ಒಂಬತ್ತು ತಿಂಗಳಾಗಿತ್ತು. ಕೈಗೆ ಅದಿನ್ನೂ ತಿಳಿದಿರಲಿಲ್ಲ, ಅಷ್ಟೇ.

ಪ್ರವಾಸ ಅವಳದೇ ಹಠ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾಯಿತು, ಒಮ್ಮೆಯಾದರೂ ನೀವಿಬ್ಬರೇ ಎಲ್ಲಿಗಾದರೂ ಹೋಗಿದ್ದೀರಾ ಎಂದು ಜಗಳವಾಡಿ, ನಾವು ಬಂದು ನೆಲೆಸಿದ ಈ ಪರದೇಶದ ದಕ್ಷಿಣ ತುದಿಯ ಮಾಸ್ಟ್ರಿಕ್ಟಿನಲ್ಲಿ ಒಂದು ಕೋಣೆ ಹಿಡಿದು, ನೋಡಲೇಬೇಕಾದ ಹನ್ನೊಂದು ಸ್ಥಳಗಳ ಪಟ್ಟಿಯನ್ನೂ ಕಳಿಸಿದ್ದಳು. ನಿಮ್ಮಲ್ಲಿ ಮುಚ್ಚಿಡುವುದೇಕೆ, ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಗಿತ್ತು. ಮಗುವಾದ ಮೇಲೆ ಗಂಡ ಹೆಂಡತಿಯ ಮಾತೆಲ್ಲ ಮಗುವನ್ನು ಹಾದೇ ಬರುತ್ತದೆ: ಅವಳ ಜ್ವರ, ಅವಳ ಪರೀಕ್ಷೆ, ಅವಳ ಪಂಕ್ಚರ್ ಆದ ಸೈಕಲ್ಲು. ಅವಳು ಎದ್ದುಹೋದ ಮೇಲೆ, ಎದುರುಬದುರು ಕೂತ ಇಬ್ಬರಿಗೆ ಆಡಲು ತಮ್ಮದೇ ಮಾತು ಉಳಿದಿದೆಯೋ ಇಲ್ಲವೋ ಎಂಬುದು ಮನೆಯಲ್ಲಿ ಗೊತ್ತಾಗುವುದಿಲ್ಲ. ಅಲ್ಲಿ ಕುಕ್ಕರ್ ಕೂಗುತ್ತದೆ, ಟೀವಿ ಇದೆ, ಇವರ ಆಫೀಸಿನ ಫೋನಿದೆ. ಪ್ರವಾಸದಲ್ಲಿ ಗೊತ್ತಾಗಿಬಿಡುತ್ತದೆ. ಅದು ಗೊತ್ತಾಗುವುದೇ ನನಗೆ ಬೇಡವಾಗಿತ್ತು.

ರೈಲಿನಲ್ಲಿ ನನ್ನ ಭಯ ನಿಜವಾಗುವ ಲಕ್ಷಣವೇ ಕಂಡಿತು. ಉತ್ರೆಕ್ಟ್ ಬರುವಷ್ಟರಲ್ಲಿ ಚಿನ್ಮಯಿಯ ವಿಷಯ ಮುಗಿಯಿತು. ಹವಾಮಾನವನ್ನು ಎತ್ತಿಕೊಂಡೆವು. ಈ ದೇಶದಲ್ಲಿ ಅದು ಸುಲಭಕ್ಕೆ ಮುಗಿಯುವ ವಿಷಯವಲ್ಲ, ಆದರೆ ನಾವು ಅದನ್ನೂ ಐಂದೋವನ್ನಿಗೆ ಮೊದಲೇ ಮುಗಿಸಿದೆವು. ಉಳಿದ ದಾರಿಯಲ್ಲಿ ಇವರು ಕಿಟಕಿಯಾಚೆಯ ಹಸುಗಳನ್ನು ನೋಡಿದರು, ನಾನು ಇವರನ್ನು ನೋಡಿದೆ.

ಆರು ವರ್ಷ ದೋಸೆ ಹೆಂಚಿನಂಥ ಚಪ್ಪಟೆ ನೆಲದ ಮೇಲೆ ಓಡಾಡಿದ ಕಾಲಿಗೆ ಮಾಸ್ಟ್ರಿಕ್ಟಿನ ಬೀದಿಗಳ ಸಣ್ಣ ಏರುಗಳೇ ಹಬ್ಬವೆನಿಸಿದವು. ಜೂನ್ ತಿಂಗಳ ಬಿಸಿಲು, ಕಲ್ಲುಹಾಸಿನ ಓಣಿಗಳು, ಬೀದಿಗೆ ಕುರ್ಚಿ ಹಾಕಿಕೊಂಡು ಬೆಳಗಿನಿಂದಲೇ ಹರಟುವ ಜನ. ಪಟ್ಟಿಯ ಮೊದಲ ಸ್ಥಳ ಒಂದು ಹಳೆಯ ಚರ್ಚು. ಬಾಗಿಲಲ್ಲಿ ನಿಂತು ಇಣುಕಿದರೆ, ಒಳಗಿನ ಮಬ್ಬಿನಲ್ಲಿ ಮಗುವನ್ನೆತ್ತಿಕೊಂಡ ತಾಯಿಯ ಮೂರ್ತಿಯ ಮುಂದೆ ಸಾಲು ಸಾಲು ಮೇಣದ ಬತ್ತಿಗಳು ಉರಿಯುತ್ತಿದ್ದವು, ಮುದುಕಿಯೊಬ್ಬಳು ಮಂಡಿಯೂರಿದ್ದಳು. ನಾವಿಬ್ಬರೂ ಬಾಗಿಲಲ್ಲೇ ಕಾಲಿನದನ್ನು ಬಿಚ್ಚಿದೆವು. ಬಿಡಿ ಎಂದು ಯಾರೂ ಹೇಳಿರಲಿಲ್ಲ; ಒಳಗಿದ್ದವರೆಲ್ಲ ಶೂ ಹಾಕಿಕೊಂಡೇ ಇದ್ದರು. ಆದರೆ ದೀಪ ಉರಿಯುವಲ್ಲಿಗೆ ಚಪ್ಪಲಿ ಮೆಟ್ಟಿಕೊಂಡು ಹೋಗುವುದು ಹೇಗೆ, ನೀವೇ ಹೇಳಿ.

ಬಿಚ್ಚಿದ್ದಷ್ಟೇ ಆಗಿದ್ದರೆ ಕಥೆಯಿರುತ್ತಿರಲಿಲ್ಲ. ಇವರದೊಂದು ಪದ್ಧತಿಯಿದೆ. ಮದುವೆಯಾದ ಹೊಸತರಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋದಾಗ, ನನ್ನ ಅಪ್ಪ ಕೊಡಿಸಿದ್ದ ಹೊಚ್ಚಹೊಸ ಚಪ್ಪಲಿ ಕಳುವಾಗಿ, ಬೆಟ್ಟದಿಂದ ಬರಿಗಾಲಲ್ಲಿ ಇಳಿದಿದ್ದರು. ಅಂದಿನಿಂದ ಎಲ್ಲೇ ಹೋಗಲಿ, ಒಂದು ಕಾಲಿನದನ್ನು ಬಾಗಿಲಿನ ಈ ಕಡೆ, ಇನ್ನೊಂದನ್ನು ಆ ಕಡೆ ಬಿಡುತ್ತಾರೆ. ಒಂಟಿ ಚಪ್ಪಲಿಯನ್ನು ಯಾವ ಕಳ್ಳನೂ ಮುಟ್ಟುವುದಿಲ್ಲವೆಂಬ ಸಿದ್ಧಾಂತ. ಅಲ್ಲಿಯೂ ಹಾಗೆಯೇ ಆಯಿತು: ಇವರ ಒಂದು ಶೂ ಮತ್ತು ನನ್ನ ಒಂದು ಚಪ್ಪಲಿ ಎಡಕ್ಕೆ, ಅವುಗಳ ಜೊತೆಯವು ಬಲಕ್ಕೆ.

ಕಾಲು ಗಂಟೆಯ ನಂತರ ಹೊರಬಂದರೆ ಬಲಗಡೆಯವು ಇದ್ದಲ್ಲೇ ಇದ್ದವು. ಎಡಗಡೆ ಖಾಲಿ.

"ಕದ್ದುಬಿಟ್ರು ರೀ!" ಎಂದೆ.

"ಒಂದೊಂದೇ ಯಾರು ಕದೀತಾರೆ ವಸು? ಅದಕ್ಕೇ ಅಲ್ವಾ ಬೇರೆ ಬೇರೆ ಇಡೋದು?" ಇವರ ದನಿಯಲ್ಲಿ ಸಿದ್ಧಾಂತ ಮುರಿದುಬಿದ್ದ ಸಂಕಟವಿತ್ತು.

ಇಬ್ಬರೂ ಒಂದೊಂದು ಕಾಲಿಗೆ ಹಾಕಿಕೊಂಡು, ಇವರು ನನ್ನ ಹೆಗಲು ಹಿಡಿದು, ನಾನು ಇವರ ತೋಳು ಹಿಡಿದು, ಕುಂಟುತ್ತಾ ಚರ್ಚಿನ ಮುಂದಿನ ಚೌಕದಲ್ಲಿ ಹುಡುಕಾಡಿದೆವು. ಕಾಫಿ ಕುಡಿಯುತ್ತಿದ್ದ ಹೆಂಗಸೊಬ್ಬಳು ನಮ್ಮ ಕಾಲುಗಳನ್ನು ನೋಡಿ ನಗು ತಡೆದುಕೊಂಡು ಎದುರಿನ ಕಬ್ಬಿಣದ ಬೇಲಿಯತ್ತ ಕೈ ತೋರಿಸಿದಳು. ಅದರ ಎರಡು ಈಟಿಮೊನೆಗಳ ಮೇಲೆ, ಅಕ್ಕಪಕ್ಕದಲ್ಲಿ, ಇವರ ಶೂ ಮತ್ತು ನನ್ನ ಚಪ್ಪಲಿ ಊರಿಗೆಲ್ಲ ದರ್ಶನ ಕೊಡುತ್ತಾ ಕೂತಿದ್ದವು! ಇಲ್ಲಿಯವರ ರೀತಿಯೇ ಹಾಗೆ; ಬೀದಿಯಲ್ಲಿ ಒಂಟಿ ಕೈಗವಸು ಕಂಡರೂ ಕಳೆದುಕೊಂಡವರ ಕಣ್ಣಿಗೆ ಬೀಳಲೆಂದು ಬೇಲಿಗೋ ಕಂಬಕ್ಕೋ ಸಿಕ್ಕಿಸಿ ಹೋಗುತ್ತಾರೆ. ಯಾರೋ ಪುಣ್ಯಾತ್ಮರು ನಮ್ಮ ಒಂಟಿ ಪಾದರಕ್ಷೆಗಳಿಗೆ ಅದೇ ಉಪಕಾರ ಮಾಡಿದ್ದರು. ಜೋಡಿಯಾಗಿ ಬಿಟ್ಟಿದ್ದರೆ ಅವನ್ನು ಯಾರೂ ಮುಟ್ಟುತ್ತಿರಲಿಲ್ಲವೇನೋ.

ಅವನ್ನು ಇಳಿಸಿಕೊಂಡು ಇವರು ಚರ್ಚಿನ ಮೆಟ್ಟಿಲ ಮೇಲೆ ಕೂತು ನಗತೊಡಗಿದರು. ನಕ್ಕು ಸಾಕಾಗಿ, ಶೂ ಕಟ್ಟಿಕೊಳ್ಳುತ್ತಾ, ತಲೆಯೆತ್ತದೆ ಹೇಳಿದರು.

"ಒಂದು ವಿಷಯ ಹೇಳ್ತೀನಿ, ಬೈಬಾರ್ದು. ಬೆಟ್ಟದಲ್ಲಿ ಆವತ್ತು ಚಪ್ಪಲಿ ಯಾರೂ ಕದ್ದಿರ್ಲಿಲ್ಲ. ಸಿಕ್ಕಾಪಟ್ಟೆ ಕಚ್ತಾ ಇತ್ತು. ನಿಮ್ಮಪ್ಪಂಗೆ ಹೇಗೆ ಹೇಳೋದು? ನಾನೇ ಬಿಟ್ಟು ಬಂದೆ."

"ಮತ್ತೆ ಇಷ್ಟು ವರ್ಷ ಆ ಕಡೆ ಒಂದು, ಈ ಕಡೆ ಒಂದು ಇಟ್ಟಿದ್ದು?"

"ಕಳ್ಳತನ ಅಂದ್ಮೇಲೆ ಹುಷಾರಾದ ಹಾಗೆ ಕಾಣ್ಬೇಕಲ್ಲ. ಆಮೇಲೆ ಅಭ್ಯಾಸ ಆಗೋಯ್ತು."

ನನಗೆ ನೆನಪಾಯಿತು. ಅಪ್ಪ ಅಳಿಯನ ನಷ್ಟಕ್ಕೆ ಮರುಗಿ, ಬೆಟ್ಟದ ಕಳ್ಳರಿಗೆ ಹಿಡಿಶಾಪ ಹಾಕಿ, ಮರುದಿನವೇ ಅದೇ ಅಂಗಡಿಯಿಂದ ಅದೇ ಅಳತೆಯ ಇನ್ನೊಂದು ಜೊತೆ ತಂದುಕೊಟ್ಟಿದ್ದರು. ಅದನ್ನು ಇವರು ಎರಡು ವರ್ಷ ಮೆಟ್ಟಿದ್ದರು! ಅದನ್ನು ಹೇಳಿದ್ದೇ ತಡ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನನಗೆ ಕೋಪ ಬರಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿಯಲ್ಲಿದ್ದ ಮನುಷ್ಯನಲ್ಲಿ ನನಗೆ ಗೊತ್ತಿಲ್ಲದ್ದು ಇನ್ನೂ ಇದೆಯೆಂದು ಹಿಗ್ಗೇ ಆಯಿತು. ಇವರನ್ನು ಪೂರ್ತಿ ಓದಿ ಮುಗಿಸಿದ್ದೇನೆಂದು ನಾನೇ ತಪ್ಪು ತಿಳಿದಿದ್ದೆ.

ಊರ ನಡುವೆ ಹರಿಯುವ ಹೊಳೆಯ ದಡದ ಬೆಂಚಿನ ಮೇಲೆ ಪುಳಿಯೋಗರೆ ಬಿಚ್ಚಿದಾಗ ನನ್ನ ಬಾಯಿಯೂ ಬಿಚ್ಚಿತು. ಊರಿನಿಂದ ಅತ್ತೆ ಕಳಿಸುತ್ತಾರೆಂದು ಇವರು ಮೂರು ವರ್ಷ ಚಪ್ಪರಿಸಿದ ಸಾರಿನ ಪುಡಿ ಅಂಗಡಿಯದು ಎಂದು ಹೇಳಿಬಿಟ್ಟೆ. ಇವರು ಚಮಚ ಕೆಳಗಿಟ್ಟರು. "ಅಮ್ಮಂಗೆ ಪ್ರತಿ ವಾರ ಫೋನ್ ಮಾಡಿ ಹೊಗಳ್ತಿದ್ದೆನಲ್ಲೇ! ಅವಳೂ ಹೂಂ ಹೂಂ ಅಂತ ಹೊಗಳಿಸ್ಕೊಂಡ್ಲು!" ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ಇವರು ಕಾಲೇಜಿನಲ್ಲಿ ನಾಟಕಕ್ಕೆ ಸೇರಿ ಮೊದಲ ದಿನವೇ ಓಡಿಬಂದದ್ದು, ನಾನು ಕೆಲಸ ಬಿಟ್ಟಾಗ ಹೇಳದೆ ನುಂಗಿಕೊಂಡಿದ್ದ ದುಃಖ, ಇವರಿಗೆ ಈ ದೇಶದಲ್ಲಿ ಮೊದಲ ಚಳಿಗಾಲದಲ್ಲಿ ಆಗಿದ್ದ ಭಯ. ನೆರಳು ನಮ್ಮ ಬೆಂಚನ್ನು ದಾಟಿ ಹೋದದ್ದು ಗಮನಕ್ಕೇ ಬರಲಿಲ್ಲ.

ಸಂಜೆ ಎಂಟಕ್ಕೆ, ಇನ್ನೂ ನಿಚ್ಚಳ ಬಿಸಿಲಿರುವಾಗ, ಇವರ ಫೋನಿನಲ್ಲಿ ಚಿನ್ಮಯಿ ಬಂದಳು. "ಅಪ್ಪಾ, ಲಿಸ್ಟ್‌ನಲ್ಲಿ ಏನೇನು ಕವರ್ ಆಯ್ತು?"

"ಒಂದೇ ಒಂದು. ನಿಮ್ಮಮ್ಮನ ಹತ್ರ ಮಾತಾಡ್ತಾ ಕೂತ್ಬಿಟ್ಟೆ ಕಣೇ."

ಅವಳ ದನಿಗೆ ಗಾಬರಿ ಹತ್ತಿತು. "ಇಡೀ ದಿನಾನಾ? ಆರ್ ಯೂ ಗೈಸ್ ಓಕೆ?"

ನಾನು ಫೋನು ಕಸಿದುಕೊಂಡೆ. "ಚೆನ್ನಾಗಿದ್ದೀವಿ ಪುಟ್ಟಿ. ನಾಳೆ ಮಾತಾಡೋಣ, ಈಗ ಇಡು. ನಿಮ್ಮಪ್ಪ ಏನೋ ಹೇಳ್ತಾ ಇದ್ರು, ಅರ್ಧಕ್ಕೇ ನಿಂತಿದೆ."