ಮುದುಕಪ್ಪ ಸ್ಟೆತಸ್ಕೋಪು ಆರಿಸಿದ್ದು

ಸಂತೆಕಲ್ಲೂರಿನ ಮುದುಕಪ್ಪ ಎತ್ತಿನ ದಲ್ಲಾಳಿ. ಬಾಯಿ ಅಗಲಿಸಿ ಹಲ್ಲು ನೋಡಿ, ಮೈಮೇಲಿನ ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ‘ಹೂಂ’ ಎಂದನೆಂದರೆ ವ್ಯಾಪಾರ ಮುಗಿದಂತೆಯೇ. ಈ ಜಂಬ ಎತ್ತುಗಳಿಗಷ್ಟೇ ನಿಂತಿದ್ದರೆ ಯಾರದೂ ತಕರಾರಿರಲಿಲ್ಲ. ಮನೆಗೆ ಬರುವ ಫ್ಯಾನು, ಮಿಕ್ಸರು, ಕೊನೆಗೆ ಅಳಿಯನನ್ನೂ ಅವನೇ ಆರಿಸಬೇಕು. ವರ ನೋಡಲು ಹೋದಾಗ ‘ಒಂಚೂರು ನಕ್ಕು ತೋರ್ಸಪ್ಪ’ ಎಂದನಂತೆ. ಅದು ಹಲ್ಲು ನೋಡಲಿಕ್ಕೇ ಎಂದು ಊರವರು ಇವತ್ತಿಗೂ ನಗುತ್ತಾರೆ.

ಅಂಥವನಿಗೊಂದು ಗುಟ್ಟಿತ್ತು. ಕೆಲವು ವರ್ಷಗಳಿಂದ ಅವನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಕೂಗಿದರಷ್ಟೇ ಕೇಳುತ್ತಿತ್ತು. ಸಂತೆಯಲ್ಲಿ ಅದು ಅಡ್ಡಿಯಾಗಲಿಲ್ಲ, ಯಾಕೆಂದರೆ ಎತ್ತಿನ ದರ ಬಾಯಲ್ಲಿ ಹೇಳುವ ರೂಢಿಯಿಲ್ಲ. ಟವೆಲಿನ ಕೆಳಗೆ ಕೈ ಸೇರಿಸಿ ಬೆರಳು ಒತ್ತಿ ಹೇಳುತ್ತಾರೆ. ಮಿಕ್ಕ ಮಾತನ್ನೆಲ್ಲ ಇವನೇ ಆಡಿಬಿಡುತ್ತಿದ್ದ. ಆದರೆ ‘ಕೆಪ್ಪ’ ಎಂಬ ಹೆಸರು ಒಮ್ಮೆ ಅಂಟಿತೆಂದರೆ ನಾಳೆಯಿಂದ ಜನ ತನ್ನೆದುರೇ ತನ್ನನ್ನು ಆಡಿಕೊಳ್ಳುತ್ತಾರೆ, ದಲ್ಲಾಳಿತನ ಮಣ್ಣುಗೂಡುತ್ತದೆ ಎಂಬ ಭಯ ಅವನನ್ನು ಬಿಟ್ಟಿರಲಿಲ್ಲ.

ಗುಟ್ಟು ಗೊತ್ತಿದ್ದುದು ಹೆಂಡತಿ ತಿಮ್ಮವ್ವನಿಗೆ ಮಾತ್ರ. ಗಂಡನಿಗೆ ಕೇಳಲೆಂದು ಅವಳು ಕೂಗಿ ಮಾತಾಡುವಳು. ಅವನೊಬ್ಬನಿಗೇ ಕೂಗಿದರೆ ಸಂಶಯ ಬಂದೀತೆಂದು ಬಂದವರಿಗೆಲ್ಲ ಕೂಗುವಳು. ಹೀಗೆ ಓಣಿಯಲ್ಲಿ ಅವಳಿಗೆ ಜಗಳಗಂಟಿ ಎಂಬ ಹೆಸರು ಬಂತು. ಇಂಥವಳನ್ನು ಕಟ್ಟಿಕೊಂಡ ಮುದುಕಪ್ಪನನ್ನು ಕಂಡರೆ ಜನ ಅಯ್ಯೋ ಪಾಪ ಎನ್ನುತ್ತಿದ್ದರು. ಆ ಅಯ್ಯೋ ಪಾಪವನ್ನು ಅವನು ನಾಚಿಕೆಯಿಲ್ಲದೆ ಇಟ್ಟುಕೊಂಡಿದ್ದ.

ಮೊಮ್ಮಗಳು ಅಮರೇಶ್ವರಿ ಡಾಕ್ಟರಾಗಿ, ಮಸ್ಕಿಯ ಆಸ್ಪತ್ರೆಯೊಂದಕ್ಕೆ ಸೇರುವವಳಿದ್ದಳು. ಓದುವಾಗಿನ ಸ್ಟೆತಸ್ಕೋಪಿನ ರಬ್ಬರು ಬಿಸಿಲಿಗೆ ಸೀಳಿತ್ತು. ಹೊಸದನ್ನು ಫೋನಿನಲ್ಲೇ ತರಿಸುತ್ತೇನೆ ಎಂದಳು. ತಿಮ್ಮವ್ವ ಅದನ್ನು ಕೂಗಿ ದಾಟಿಸಿದಾಗ ಮುದುಕಪ್ಪ ಎದ್ದು ನಿಂತ.

“ಕಣ್ಣಿಲೆ ನೋಡ್ದೆ, ಕೈಲೆ ಮುಟ್ದೆ ತರ್ಸೋದೇನ್ ಬೇ? ನಡಿ ಸಿಂಧನೂರಿಗೆ.”

ಸಿಂಧನೂರಿನಲ್ಲಿ ಆಸ್ಪತ್ರೆ ಸಾಮಾನು ಮಾರುವ ಪಂಪಾಪತಿ ಮೂರು ಸ್ಟೆತಸ್ಕೋಪು ತೆಗೆದು ಗಾಜಿನ ಮೇಲಿಟ್ಟ.

“ಪೈಪು ದಪ್ಪ ಇರ್ಬೇಕು ತಾತ, ಮೆತ್ತಗೂ ಇರ್ಬೇಕು. ಕಿವಿಗೆ ಬಿಗಿಯಾಗಿ ಕೂಡ್ರಬೇಕು, ನೋಯ್ಬಾರ್ದು” ಎಂದಳು ಅಮರೇಶ್ವರಿ.

ಮುದುಕಪ್ಪನಿಗೆ ಒಂದಕ್ಷರವೂ ಕೇಳಲಿಲ್ಲ. ಆದರೂ ತಲೆಯಾಡಿಸಿ, ಪೈಪು ಜಗ್ಗಿ ನೋಡಿದ. ತುದಿಯ ಉಕ್ಕಿನ ಬಿಲ್ಲೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದ. “ಸುಳಿ ಚಲೋ ಐತಿ” ಎಂದ. ಪಂಪಾಪತಿ ನಗು ತಡೆಯಲು ಕೆಮ್ಮಿದ.

ಮುದುಕಪ್ಪ ಕಿವಿಗೆ ಸಿಕ್ಕಿಸಿಕೊಂಡು ಬಿಲ್ಲೆಯನ್ನು ಪಂಪಾಪತಿಯ ಅಂಗಿಯ ಮೇಲೆ ಒತ್ತಿದ. ಸದ್ದಿಲ್ಲ. ಎದೆಯೊಳಗಿನದನ್ನೂ ಕೇಳಿಸುವ ಯಂತ್ರವಂತೆ; ಇದರಲ್ಲೂ ಕೇಳದಿದ್ದರೆ ತನ್ನ ಕಿವಿಯ ಕಥೆ ಮುಗಿದೇ ಹೋಯಿತೇ? 

“ಇದು ಬ್ಯಾಡ. ಮಾಲು ಖರಾಬ್ ಐತಿ” ಎಂದ. ಎರಡನೆಯದಕ್ಕೂ ಅದೇ ಮಾತು. ಕುಣಿಯಲಾರದವಳಿಗೆ ನೆಲ ಡೊಂಕು. ಅಮರೇಶ್ವರಿ ಎರಡನ್ನೂ ಹಾಕಿ ನೋಡಿದಳು, ಎರಡೂ ಚೆನ್ನಾಗಿದ್ದವು.

ಮೂರನೆಯದನ್ನೂ ಬೇಡವೆಂದರೆ ಮಾನ ಹೋದೀತು ಅನ್ನಿಸಿತು ಮುದುಕಪ್ಪನಿಗೆ. ಕಿವಿಗೇರಿಸಿ, ಬಿಲ್ಲೆ ಒತ್ತಿ, ಕಣ್ಣುಮುಚ್ಚಿ ತಲೆದೂಗಿದ.

“ಇದು ನೋಡು ಮಾಲು ಅಂದ್ರ. ಗೆಜ್ಜಿ ಕಟ್ಟಿದ ಎತ್ತು ಓಡಿದಂಗ ಕೇಳಾಕತ್ತೈತಿ.”

ಅಮರೇಶ್ವರಿ ಬಿಲ್ಲೆಯನ್ನು ಕೈಗೆ ತೆಗೆದುಕೊಂಡಳು. ಅದಕ್ಕೆ ಎರಡು ಮುಖ; ಒಂದು ತೆರೆದಿದ್ದರೆ ಇನ್ನೊಂದು ಮುಚ್ಚಿರುತ್ತದೆ. ತಾತ ಒತ್ತಿದ್ದು ಮುಚ್ಚಿದ ಮುಖವನ್ನು. ಅದರಲ್ಲಿ ಎಂಥ ಕಿವಿಯವರಿಗೂ ಏನೂ ಕೇಳುವುದಿಲ್ಲ. ಅವಳು ನಿಧಾನಕ್ಕೆ ತಲೆಯೆತ್ತಿ ಅವನನ್ನು ನೋಡಿದಳು. ಆ ನೋಟ ಮುದುಕಪ್ಪನಿಗೆ ಗೊತ್ತು. ಎಳೆಯದೆಂದು ತಂದ ಎತ್ತಿನ ಬಾಯಿ ಅಗಲಿಸಿ ಸವೆದ ಹಲ್ಲು ಕಂಡಾಗ ತಾನೇ ನೋಡುವ ನೋಟ ಅದು. ಸಿಕ್ಕಿಬಿದ್ದೆ ಅಂದುಕೊಂಡ.

ಹುಡುಗಿ ಅಂಗಡಿಯಲ್ಲಿ ಮರ್ಯಾದೆ ಕಳೆಯಲಿಲ್ಲ. ಬಿಲ್ಲೆ ತಿರುಗಿಸಿ, ಅವನ ಕಿವಿಯಲ್ಲಿ ಹಿಂದುಮುಂದಾಗಿದ್ದ ತುದಿಗಳನ್ನು ಸರಿಮಾಡಿ, ಪರೀಕ್ಷೆ ಮಾಡುವವಳಂತೆ ಬಿಲ್ಲೆಯನ್ನು ತುಟಿಯ ಹತ್ತಿರ ತಂದು ಪಿಸುಗುಟ್ಟಿದಳು.

“ತಾತ, ಎಷ್ಟು ವರ್ಷ ಆತು?”

ಪ್ರತಿ ಅಕ್ಷರವೂ ಕೇಳಿಸಿತು. ಮುದುಕಪ್ಪ ಹೆಗಲ ಟವೆಲನ್ನು ಅವಳ ಕೈಮೇಲೆ ಹಾಕಿ, ಕೆಳಗಿನಿಂದ ಅವಳ ಐದೂ ಬೆರಳು ಒತ್ತಿದ. ಪಂಪಾಪತಿ ಇದನ್ನು ನೋಡಿ, ಅಜ್ಜ ಮೊಮ್ಮಗಳು ದರ ಮಾತಾಡಿಕೊಳ್ಳುತ್ತಿದ್ದಾರೆ ಅಂದುಕೊಂಡ.

“ಯಜಮಾನ್ರ, ಅಷ್ಟ್ಯಾಕ ವಿಚಾರ ಮಾಡ್ತೀರಿ, ಒಂದೀಟು ಕಮ್ಮಿ ಮಾಡಿ ಕೊಡ್ತೀನಿ ತಗೊಳ್ರಿ” ಎಂದ.

ಅದನ್ನೇ ತಂದರು.

ಮನೆಯಲ್ಲಿ ಅಮರೇಶ್ವರಿ ತಾತನನ್ನು ಕಟ್ಟೆಯ ಮೇಲೆ ಕೂಡಿಸಿ ಅದನ್ನು ಅವನ ಕಿವಿಗೆ ಹಾಕಿದಳು. ಬಿಲ್ಲೆಯನ್ನು ತಿಮ್ಮವ್ವನ ಕೈಗಿಟ್ಟಳು. “ಒದರಬ್ಯಾಡ ಅಜ್ಜಿ. ಮೆಲ್ಲಕ ಮಾತಾಡು.”

ತಿಮ್ಮವ್ವನಿಗೆ ಮೆಲ್ಲಗೆ ಮಾತಾಡುವುದು ಮರೆತೇ ಹೋಗಿತ್ತು. “ಏನಂತ ಮಾತಾಡ್ಲಿ?” ಎಂದು ಬಿಲ್ಲೆಗೆ ಒದರಿದ್ದಕ್ಕೆ ಮುದುಕಪ್ಪ ಕಟ್ಟೆಯಿಂದ ಬೀಳುವುದೊಂದು ಬಾಕಿ. ಎರಡನೇ ಸಲ ದನಿ ತಗ್ಗಿಸಿದಳು.

“ರೊಟ್ಟಿ ಉಣ್ತೀರೇನು?”

ಅವನ ಕಣ್ಣು ತುಂಬಿದ್ದವು. “ನಿನ್ನ ದನಿ ಹಿಂಗಿತ್ತು ಅನ್ನೋದ ಮರ್ತಿದ್ದೆ” ಎಂದ.

ಆಮೇಲೆ ಸಂಜೆಯವರೆಗೂ ಆ ಮನೆಯಿಂದ ಒಂದು ಕೂಗೂ ಹೊರಬೀಳಲಿಲ್ಲ. ಓಣಿಗೆ ಗಾಬರಿಯಾಯಿತು. ಪಕ್ಕದ ಮನೆಯ ಗ್ಯಾನಮ್ಮ ಬಂದು ಬಾಗಿಲಲ್ಲಿ ನಿಂತು ಏನೋ ಕೇಳಿದಳು. ತಿಮ್ಮವ್ವ ನಗು ನುಂಗುತ್ತಾ ಅದನ್ನು ಬಿಲ್ಲೆಗೆ ಪಿಸುಗುಟ್ಟಿದಳು.

“ನನಗ ಮೈಯಾಗ ಅರಾಮಿಲ್ಲೇನಂತ ಕೇಳಾಕತ್ಯಾಳ.”

ಮುದುಕಪ್ಪ ಸ್ಟೆತಸ್ಕೋಪನ್ನು ಕಿವಿಯಿಂದ ತೆಗೆಯಲಿಲ್ಲ. ಇಡೀ ಓಣಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

“ಅಕಿ ಅರಾಮ ಅದಾಳ ಗ್ಯಾನಮ್ಮ. ಜಗಳಗಂಟೀನೂ ಅಲ್ಲ. ನಾನು ಕೆಪ್ಪ ಅದೀನಿ.”