ಚೇಕಾಡಿಯಲ್ಲಿ ನಾನು ಪಟ್ಟಿ ಕರೆದದ್ದು

ಮೀನಂಗಡಿ ಎಂಬ ಊರಿನಲ್ಲಿ ನನ್ನ ಮೊದಲ ಬೆಳಿಗ್ಗೆ ಮನೆಯೊಡತಿ ಕಿಟಕಿಯಲ್ಲಿ ಮುಖ ತೋರಿಸಿ, “ಕುಳಿಚ್ಚೋ?” ಎಂದು ಕೇಳಿದರು. ನಾನು ಮಂಚದ ಮೇಲೆ ಕುಳಿತೇ ಇದ್ದೆ. ಹೌದೆಂದು ತಲೆಯಾಡಿಸಿದೆ. ಅವರು ನನ್ನ ಕೆದರಿದ ಕೂದಲನ್ನೂ ಬಸ್ಸಿನ ಧೂಳು ಮೆತ್ತಿದ ಸೀರೆಯನ್ನೂ ನೋಡಿ ಮೂಗಿನ ಮೇಲೆ ಬೆರಳಿಟ್ಟರು. ಮಲಯಾಳದಲ್ಲಿ ಕುಳಿ ಎಂದರೆ ಸ್ನಾನ ಎಂದು ನನಗೆ ಗೊತ್ತಾಗಲು ಒಂದು ವಾರ ಹಿಡಿಯಿತು. ಅಷ್ಟರಲ್ಲಿ ನಾನು ಆ ತಾಯಿಗೆ ಏಳು ಸುಳ್ಳು ಹೇಳಿಯಾಗಿತ್ತು.

ದೊಡ್ಡ ಸುಳ್ಳು ಅದಕ್ಕೂ ಮುಂಚೆಯೇ ಹೇಳಿದ್ದೆ. ಬೈಲಹೊಂಗಲದಲ್ಲಿ ಹದಿನಾರು ವರ್ಷ ಟೈಪಿಂಗ್, ಡಿಟಿಪಿ ಕಲಿಸಿದವಳು ನಾನು. ಆ ಸೆಂಟರ್ ಮುಚ್ಚಿತು. ಮೀನಂಗಡಿಯ ಕಂಪ್ಯೂಟರ್ ಸೆಂಟರೊಂದರ ಮಾಲೀಕರು ಫೋನಿನಲ್ಲಿ, “ಪೈಥಾನ್ ಬರುತ್ತದೆಯೇ?” ಎಂದರು. ಅದು ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ನಲವತ್ತಮೂರನೆಯ ವಯಸ್ಸಿನಲ್ಲಿ ನನಗೆ ಇನ್ಯಾರು ಕೆಲಸ ಕೊಟ್ಟಾರು? ಬರುತ್ತದೆ ಎಂದುಬಿಟ್ಟೆ. ಪುಸ್ತಕ ಕೊಂಡದ್ದು ಆಮೇಲೆ, ಬಸ್ ಹತ್ತುವ ಮುಂಚೆ ಹುಬ್ಬಳ್ಳಿಯಲ್ಲಿ. ಗುಂಡ್ಲುಪೇಟೆ ದಾಟುವ ಹೊತ್ತಿಗೆ ಆರನೆಯ ಅಧ್ಯಾಯದಲ್ಲಿದ್ದೆ. ಮುಂದೆ ಕಾಡು ಶುರುವಾಯಿತು. ಆನೆ ಕಾಣಬಹುದೆಂದು ಪುಸ್ತಕ ಮುಚ್ಚಿದೆ. ಆನೆ ಕಾಣಲಿಲ್ಲ. ಏಳನೆಯ ಅಧ್ಯಾಯವೂ ಉಳಿಯಿತು.

ಅಲ್ಲಿ ಊಟವೆಂದರೆ ರೊಟ್ಟಿ. ಇಲ್ಲಿ ಊಟವೆಂದರೆ ಕೆಂಪನ್ನ. ಅಲ್ಲಿ ಹೋಟೆಲಿನಲ್ಲಿ ತಣ್ಣೀರು ತಂದಿಟ್ಟರೆ ಇಲ್ಲಿ ಯಾವುದೋ ಮರದ ಚಕ್ಕೆ ಕುದಿಸಿದ ಗುಲಾಬಿ ಬಣ್ಣದ ಬಿಸಿನೀರು. ಮೊದಲ ದಿನ, ಯಾರೋ ಕೈ ತೊಳೆದ ನೀರೆಂದು ಲೋಟವನ್ನು ಮೆಲ್ಲಗೆ ದೂರ ಸರಿಸಿದ್ದೆ. ರೊಟ್ಟಿ ಬಡಿಯೋಣವೆಂದರೆ ಜೋಳದ ಹಿಟ್ಟಿಲ್ಲ. ಸಂಜೆ ಬಾಗಿಲು ಹಾಕಿಕೊಂಡು ನನ್ನೊಡನೆ ನಾನೇ ಕನ್ನಡದಲ್ಲಿ ಜಗಳವಾಡುತ್ತಿದ್ದೆ. ಗೆಲ್ಲುತ್ತಲೂ ಇದ್ದೆ.

ಮೂರನೆಯ ತಿಂಗಳು ಮಾಲೀಕರು ನನ್ನನ್ನು ಕಾಡಂಚಿನ ಹಳ್ಳಿ ಚೇಕಾಡಿಗೆ ಕಳಿಸಿದರು. ಅಲ್ಲಿಯ ಪಾಡಶೇಖರಕ್ಕೆ, ಅಂದರೆ ಅಕ್ಕಪಕ್ಕ ಗದ್ದೆಯಿರುವವರ ಕೂಟಕ್ಕೆ, ಒಂದು ಪ್ರೋಗ್ರಾಂ ಬೇಕಿತ್ತು. ಕೊಯ್ಲಿನ ಯಂತ್ರ ಒಂದೇ, ಗದ್ದೆಗಳು ಹಲವು. ಯಾರದು ಮೊದಲು, ಯಾರದು ಆಮೇಲೆ ಎಂಬ ಸರದಿಯನ್ನು ಕಂಪ್ಯೂಟರೇ ಹೇಳಬೇಕು. ಮಾಗಿದ ಭತ್ತ ನಾಲ್ಕು ದಿನ ಹೆಚ್ಚಿಗೆ ನಿಂತರೆ ಆನೆ ಬಂದು ಮುಗಿಸುತ್ತದೆ. “ಇದೊಂದು ಮಾಡಿಕೊಡಿ, ಕೆಲಸ ಖಾಯಂ ಮಾಡೋಣ,” ಎಂದಿದ್ದರು ಮಾಲೀಕರು. ಆಗದಿದ್ದರೆ ಏನೆಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಕೂಟದ ಕಾರ್ಯದರ್ಶಿ ಜಾನಕಿ ಚೇಚ್ಚಿ. ಚೇಚ್ಚಿ ಎಂದರೆ ಅಕ್ಕ. ಅವರ ಹಿರಿಯರು ಎಂದೋ ಕರ್ನಾಟಕದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರು. ನನ್ನ ಹೆಸರು ಕೇಳಿದ್ದೇ ಅವರು, “ಕನ್ನಡದವರೋ ಟೀಚರೇ! ಬನ್ನಿ, ಕೂರಿ, ಚಾಯ ಕುಡಿಯಣ,” ಎಂದಾಗ ನನಗೆ ಅಳುವೇ ಬಂದಿತು. ಅವರ ಸಂಕಟವೂ ಚಹಾದ ಜೊತೆಗೇ ಹೊರಬಿತ್ತು: “ಪ್ರತಿ ವರ್ಷ ಸರದಿ ಬರೆಯೋದು ನಾನು. ಸ್ವಂತದವರಿಗೆ ಮೊದಲು ಕೊಟ್ಟೆ ಎಂದು ವಳಕ್ಕು. ಹೋದ ವರ್ಷ ನಾತ್ತೂನೇ ಮಾತು ಬಿಟ್ಟಳು.” ವಳಕ್ಕು ಎಂದರೆ ಜಗಳ, ನಾತ್ತೂನ್ ಎಂದರೆ ನಾದಿನಿ. ಎರಡೂ ಮಾತು ಅವರ ಮುಖದಿಂದಲೇ ಅರ್ಥವಾದವು.

ಜಗಲಿಯಲ್ಲಿ ಹದಿನೈದು ಜನರ ಮುಂದೆ ಲ್ಯಾಪ್‌ಟಾಪ್ ತೆರೆದೆ. ಪ್ರೋಗ್ರಾಮಿನಲ್ಲಿ ಒಂದು ಕ್ಲಾಸ್ ಇತ್ತು, ಒಂದು ಮನೆಯೆನ್ನಿ. ಅದರೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಮೆಥಡ್. ಸರದಿ ಬರೆಯುವ ಮೆಥಡ್‌ಗೆ ‘ಪಟ್ಟಿ’ ಎಂದು ಹೆಸರಿಟ್ಟಿದ್ದೆ. ‘ತೋರಿಸು’ ಎಂಬ ಇನ್ನೊಂದು ಮೆಥಡ್ ಅದನ್ನು ಕರೆಯಬೇಕು. ಗುಂಡಿ ಒತ್ತಿದೆ. ಕೆಂಪು ಅಕ್ಷರ ಬಂತು.

“ಎಂತ ಹೇಳ್ತದೆ?” ಎಂದರು ಚೇಚ್ಚಿ.

“ಪಟ್ಟಿ ಅನ್ನೂ ಹೆಸರ ಗೊತ್ತಿಲ್ಲ ಅಂತೈತ್ರಿ. ಪಟ್ಟಿ ಕರದ್ರ ಪಟ್ಟಿ ಬರವಲ್ದು!”

ಜಗಲಿಯಲ್ಲಿ ನಗು ಸಿಡಿಯಿತು. ಒಬ್ಬರಿಗೆ ಚಹಾ ನೆತ್ತಿಗೇರಿತು. ಚೇಚ್ಚಿ ಕಣ್ಣೊರೆಸಿಕೊಂಡು, “ಟೀಚರೇ, ಇಲ್ಲಿ ಪಟ್ಟಿ ಅಂದರೆ ನಾಯಿ!” ಎಂದರು. ಊರಿಗೆ ಬಂದಾಗಿನಿಂದ ನಾನು ಕಂಡಕಂಡವರಿಗೆ, ‘ನಿಮ್ಮ ಹೆಸರು ನನ್ನ ಪಟ್ಟಿಯಲ್ಲಿದೆ’ ಎನ್ನುತ್ತಿದ್ದೆ. ಅವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದುದು ಏಕೆಂದು ಈಗ ತಿಳಿಯಿತು.

ನನಗೆ ಮಾತ್ರ ನಗು ಬರಲಿಲ್ಲ. ಕಾಗುಣಿತ ನೋಡಿದೆ, ಸರಿಯಿತ್ತು. ಮತ್ತೆ ಒತ್ತಿದೆ, ಮತ್ತೆ ಕೆಂಪು.

“ಪೇಡಿ ಬೇಡ, ಹೆದರಬೇಡಿ,” ಎಂದು ಚೇಚ್ಚಿ ಪಕ್ಕಕ್ಕೆ ಬಂದು ಕೂತರು. “ಆ ಪಟ್ಟಿ ಯಾರದು?”

“ಯಾರದು ಅಂದ್ರ? ಇದಽ ಕ್ಲಾಸಿಂದು.”

“ಹಾಗೆ ಹೇಳಿದ್ದೀರಾ ಅದಕ್ಕೆ? ಇಲ್ಲಿ ಎಲ್ಲ ವೀಟಲ್ಲೂ ಪಟ್ಟಿ ಉಂಟು. ಬರೀ ಪಟ್ಟೀ ಎಂದು ಕೂಗಿದರೆ ಯಾವುದು ಬರೋದು?”

ವೀಡು ಎಂದರೆ ಮನೆ. ಅವರು ತಮಾಷೆಗೆ ಅಂದರು. ನನಗೆ ಮಾತ್ರ ಕಾಡಿನಲ್ಲಿ ಮುಚ್ಚಿಟ್ಟ ಪುಸ್ತಕ ನೆನಪಾಯಿತು. ಚೀಲದಿಂದ ತೆಗೆದು ಏಳನೆಯ ಅಧ್ಯಾಯ ಬಿಡಿಸಿದೆ. ಮೊದಲ ಪುಟದಲ್ಲೇ ಇತ್ತು: ಕ್ಲಾಸಿನೊಳಗಿನ ಮೆಥಡನ್ನು ಆ ಕ್ಲಾಸಿನೊಳಗಿನಿಂದಲೇ ಕರೆದರೂ ಹೆಸರಿಗೆ ಮೊದಲು ‘ಸೆಲ್ಫ್’ ಎಂದು ಬರೆದು ಚುಕ್ಕೆ ಇಡಬೇಕು. ‘ನನ್ನ’ ಎಂದ ಹಾಗೆ. ಇಟ್ಟೆ, ಒತ್ತಿದೆ. ಈ ಸಲ ‘ಸೆಲ್ಫ್ ಎಂಬ ಹೆಸರೇ ಗೊತ್ತಿಲ್ಲ’ ಎಂದಿತು.

“ಈಗ ನಾ ಯಾರಂತನೂ ಗೊತ್ತಿಲ್ಲಂತ,” ಎಂದೆ. ಈ ಸಲ ನಾನೂ ನಕ್ಕೆ. ನಗುತ್ತಲೇ ಕಂಡಿತು: ಮೆಥಡ್‌ಗಳ ಹೆಸರಿನ ಮುಂದಿನ ಆವರಣದಲ್ಲಿ ಸೆಲ್ಫ್ ಬದಲು ‘ಗದ್ದೆ’ ಎಂದು ಬರೆದಿದ್ದೆ. ಅಲ್ಲಿಯೂ ಮೊದಲು ಸೆಲ್ಫ್ ಬರೆದರೆ ತಾನೇ ಒಳಗೆ ಅದರ ಗುರುತು ಸಿಗುವುದು? ಎರಡೂ ಮೆಥಡಿನಲ್ಲಿ ತಿದ್ದಿದೆ, ಒತ್ತಿದೆ.

ಸಾಲಾಗಿ ಹೆಸರುಗಳು ಇಳಿದವು. ಕಾಡಂಚಿನ, ಮೊದಲು ಮಾಗಿದ ಗದ್ದೆ ಮೊದಲು. ಚೇಚ್ಚಿಯ ನಾದಿನಿಯದು ಮೂರನೆಯದು. ಚೇಚ್ಚಿಯದು ಹನ್ನೊಂದನೆಯದು. ಚೇಚ್ಚಿ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಓದಿದರು. “ಇದು ಬರೆದದ್ದು ನಾನಲ್ಲ, ಟ್ಟೋ, ಕೇಳಿದಿರಾ!” ಎಂದರು. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, “ಹನ್ನೊಂದರ ತನಕ ಆನೆ ಕಾಯ್ತದೋ? ನಿನ್ನ ಗದ್ದೆ ಕಾವಲಿಗೆ ನಾವೂ ಬರ್ತೇವೆ,” ಎಂದಳು. ಅದೇ ನಾದಿನಿ. ಚೇಚ್ಚಿ ಅವಳ ಲೋಟಕ್ಕೆ ಇನ್ನಷ್ಟು ಚಹಾ ಸುರಿದರು.

ಕೊಯ್ಲು ಮುಗಿದ ಮೇಲೆ ಚೇಚ್ಚಿ ಕೊಟ್ಟ ಗಂಧಕಸಾಲೆ ಅಕ್ಕಿಯ ಗಂಟು ಹೊತ್ತು ಬೈಲಹೊಂಗಲಕ್ಕೆ ಹೋದೆ. ಒಲೆಯ ಮೇಲಿಟ್ಟರೆ ಓಣಿಯೆಲ್ಲ ಘಮಘಮ. ಕೆಲಸ ಖಾಯಂ ಆದ ಸುದ್ದಿ ಹೇಳಿದೆ. ನನ್ನ ಅಕ್ಕ ಉಂಡು ಕೈ ತೊಳೆದು, ನನಗಾಗಿ ಜೋಳದ ಹಿಟ್ಟನ್ನು ಡಬ್ಬಿಗೆ ಒತ್ತಿ ತುಂಬುತ್ತಾ ಕೇಳಿದಳು: “ಮತ್ತ ಊರಿಗೆ ಯಾವಾಗ ಹೊಂಟಿ?”

“ಸೋಮವಾರ,” ಎಂದೆ.

ಅವಳು ಊರೆಂದದ್ದು ಮೀನಂಗಡಿಯನ್ನು; ಹುಟ್ಟಿದ ಮನೆಯ ಅಡುಗೆಮನೆಯಲ್ಲಿ ಕೂತು ನಾನೂ ಅದಕ್ಕೇ ಉತ್ತರ ಕೊಟ್ಟಿದ್ದೆ. ಅಕ್ಕನ ಕೈ ಡಬ್ಬಿಯಲ್ಲೇ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.