ಕೆರೆದಂಡೆಯ ಸಲಹೆಗಾರರು

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಕುರ್ಚಿಯಲ್ಲಿ ಕೂತರೆ ಕಾಲು ಕುಣಿಯುತ್ತದೆ. ಲೋಕಲ್ ರೈಲಿನಲ್ಲಿ ಅಪರೂಪಕ್ಕೆ ಸೀಟು ಸಿಕ್ಕರೂ ನನ್ನ ಸ್ಟೇಷನ್ ಬರುವ ಎಷ್ಟೋ ಮೊದಲೇ ಎದ್ದು ಬಾಗಿಲ ಬಳಿ ನಿಂತಿರುತ್ತೇನೆ. ಎದುರಿನವರು ಒಂದು ಮಾತು ಶುರುಮಾಡಿದರೆ ಅದನ್ನು ಮುಗಿಸಿಕೊಡುವ ಹೊಣೆ ನನ್ನದೆಂದೇ ತಿಳಿದಿದ್ದೇನೆ. ಇಂಥವನು ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸಕ್ಕೆ ಬಿದ್ದನೆಂದರೆ ನೀವು ನಗುತ್ತೀರಿ. ಅದರಲ್ಲೂ ನಾನು ಧಾರವಾಡದವನು, ಈರುಳ್ಳಿಯನ್ನೂ ದಿನ ನೋಡಿ ತಿನ್ನುವ ಮನೆತನದವನು. ತಪ್ಪು ನನ್ನದಲ್ಲ, ಡಾಕ್ಟರದು. ರಕ್ತದೊತ್ತಡ ನೋಡಿ, ವಾರಕ್ಕೊಂದು ದಿನವಾದರೂ ಎಲ್ಲಾದರೂ ಅಲ್ಲಾಡದೆ ಕೂತುಕೊಳ್ಳಿ ಎಂದರು. ನಮ್ಮ ಆಫೀಸಿನ ಪಿಂಟೋ ಮಂಗಳೂರಿನಿಂದ ಬಂದು ಬಾಂದ್ರಾದಲ್ಲಿ ನೆಲೆಸಿದವರು, ಪ್ರತಿ ಭಾನುವಾರ ಪವಾಯಿ ಕೆರೆಯ ದಂಡೆಯಲ್ಲಿ ಗಾಳ ಬಿಟ್ಟು ಕೂರುವವರು. ಅವರು ನನ್ನನ್ನೂ ಕರೆದುಕೊಂಡು ಹೋದರು.

"ತಿನ್ನಂಗಿಲ್ಲ ಅಂದಮ್ಯಾಲೆ ಹಿಡಿಯೋದ್ಯಾಕ್ರೀ?" ಎಂದಳು ಹೆಂಡತಿ. ನನಗೆ ಈವರೆಗೆ ಒಂದೂ ಸಿಕ್ಕಿಲ್ಲ, ಹಾಗಾಗಿ ಪಾಪದ ಪ್ರಶ್ನೆಯೇ ಏಳುವುದಿಲ್ಲ ಎಂದು ನಾನು ವಾದಿಸಿದೆ. ಆದರೂ ಭಾನುವಾರ ಸಂಜೆ ವಠಾರದಂಥ ನಮ್ಮ ಚಾಳಿನ ನಲ್ಲಿಯಡಿ ತಲೆಗೆ ನೀರು ಸುರಿದುಕೊಳ್ಳದೆ ಅವಳು ನನ್ನನ್ನು ಒಳಗೆ ಬಿಡುತ್ತಿರಲಿಲ್ಲ.

ಸಿಗದಿದ್ದುದಕ್ಕೆ ಕಾರಣವಿತ್ತು. ನೀರಿನ ಮೇಲಿನ ಬೆಂಡು ತುಸು ಅಲುಗಿದರೆ ಸಾಕು, ನಾನು ಕೋಲನ್ನು ಆಕಾಶಕ್ಕೆ ಎತ್ತಿಬಿಡುತ್ತಿದ್ದೆ. ಮೀನು ಆಗಿನ್ನೂ ಹಿಟ್ಟಿನ ಉಂಡೆಯನ್ನು ಮೂಸುತ್ತಿರುತ್ತಿತ್ತು, ಪಾಪ. ಪಿಂಟೋ ಅವರಿಗೆ ಮಾತ್ರ ತಪ್ಪದೆ ಸಿಗುತ್ತಿತ್ತು. ಉಂಡೆಗೆ ಏನು ಬೆರೆಸಿದ್ದೀರಿ ಎಂದು ಕೇಳಿದರೆ, "ಮೈದಾ ಮಾತ್ರ, ಬೇರೆ ಎಂತದೂ ಇಲ್ಲ" ಎಂದು ಡಬ್ಬಿಯ ಮುಚ್ಚಳ ಹಾಕುತ್ತಿದ್ದರು. ಆ ಡಬ್ಬಿಯಿಂದ ಬರುತ್ತಿದ್ದ ವಾಸನೆ ಮೈದಾದ್ದಲ್ಲ ಎಂದು ನನ್ನ ಮೂಗಿಗೂ ಗೊತ್ತಿತ್ತು.

ಒಂದೇ ಹವ್ಯಾಸದವರಲ್ಲಿ ನಾನು ಕಂಡ ವಿಚಿತ್ರ ಇದು. ಹವ್ಯಾಸದ ಗುಟ್ಟು ಕೇಳಿದರೆ ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಾರೆ. ಉಳಿದ ಏನೇ ಕೇಳಿ, ಮನಸ್ಸು ಬಿಚ್ಚಿ ಹೇಳುತ್ತಾರೆ. ಮಳೆಗಾಲಕ್ಕೆ ಯಾವ ಛತ್ರಿ, ಹಲ್ಲು ಕೀಳಿಸಲು ಯಾವ ಡಾಕ್ಟರು, ಸ್ಟವ್ ರಿಪೇರಿಗೆ ದಾದರ್ ಸ್ಟೇಷನ್ನಿನ ಯಾವ ಬದಿ? ಎಲ್ಲವನ್ನೂ ನಾನು ಆ ದಂಡೆಯಲ್ಲೇ ಕೇಳಿ ತಿಳಿದವನು. ದಾದರ್‌ನಲ್ಲಿ ಹೋಟೆಲು ಇಟ್ಟಿದ್ದ ಉಡುಪಿ ಕಡೆಯ ಶೆಟ್ಟರಂತೂ ನನ್ನ ಚಪ್ಪಲಿ ನೋಡಿ ಮರುಕಪಟ್ಟು, ಮರುದಿನ ಗಲ್ಲಾ ಬಿಟ್ಟು ನನ್ನೊಡನೆ ಚಪ್ಪಲಿ ಅಂಗಡಿಗೆ ಬಂದಿದ್ದರು. ಹಿಂದಿನ ಶಿಷ್ಯರು ಗುರುವಿನ ಬಳಿ ವರ್ಷಗಟ್ಟಲೆ ಕೂತು ಕೊನೆಗೊಂದು ಪ್ರಶ್ನೆ ಕೇಳುತ್ತಿದ್ದರಂತೆ. ನಾನು ಬಸ್ಸಿನಿಂದ ಇಳಿದು ದಂಡೆ ತಲುಪುವ ಮೊದಲೇ ಕೂಗಿ ಕೇಳುತ್ತಿದ್ದೆ.

ಆದರೆ ಒಂದು ವರ್ಷ ಬೇಸಿಗೆಯಲ್ಲಿ ಕೇಳಲೋ ಬೇಡವೋ ಎಂದು ಹಲವು ವಾರ ನುಂಗಿಕೊಂಡ ಪ್ರಶ್ನೆಯೊಂದಿತ್ತು. ನನ್ನ ಮಗಳು ಸುಮಿಗೆ ಎಂಟು ವರ್ಷ. ಮಾತು ತೊದಲುತ್ತಿತ್ತು. ಮೊದಮೊದಲು ತೊದಲುತ್ತಲೇ ಚಾಳಿನ ಗ್ಯಾಲರಿ ತುಂಬ ಹರಟುತ್ತಿದ್ದವಳು ಬರುಬರುತ್ತಾ ತಲೆಯಾಡಿಸುವುದರಲ್ಲೇ ಎಲ್ಲ ಮುಗಿಸತೊಡಗಿದಳು. ಊಟಕ್ಕೆ ಇನ್ನೂ ಬೇಕೆಂದರೆ ತಟ್ಟೆ ಸರಿಸುವಳು. ಒಂದು ದಿನ ಮಗುವಿನ ಮಾತು ಪೂರ್ತಿ ನಿಂತುಹೋದರೆ ಎಂಬ ಭಯ ನನ್ನನ್ನು ಆಫೀಸಿನಲ್ಲೂ ಬಿಡುತ್ತಿರಲಿಲ್ಲ. ಒಂದು ಭಾನುವಾರ ತಡೆಯಲಾರದೆ ಕೇಳಿಯೇಬಿಟ್ಟೆ.

"ಬಜೆ ತೇದು ಜೇನಿನಲ್ಲಿ ನಾಲಗೆಗೆ ಹಚ್ಚಿ ಮಾರಾಯ್ರೆ," ಎಂದರು ಶೆಟ್ಟರು. "ನನ್ನ ಅಕ್ಕನ ಮಗನಿಗೆ ಹಚ್ಚಿದ್ದು. ಈಗ ಅವನ ಬಾಯಿ ಮುಚ್ಚಿಸ್ಲಿಕ್ಕೆ ಮದ್ದು ಹುಡುಕ್ತಾ ಇದ್ದೇವೆ." ಬೆಳಗಾವಿಯ ಜೋಶಿ ಬಟ್ಟೆ ವ್ಯಾಪಾರಿ, ಅವರದು ಬೇರೆಯೇ ಹಾದಿ: "ದಿನಾ ಮುಂಜಾನೆ ಜೋರಲೇ ಶ್ಲೋಕ ಹೇಳಸ್ರಿ. ತಪ್ಪಿದಲ್ಲೆ ನೀವು ತಿದ್ರಿ. ಏಕದಂ ಸರಿ ಆಗ್ತದ." ಪಿಂಟೋ ಬೆಂಡನ್ನೇ ನೋಡುತ್ತಿದ್ದರು. ಛತ್ರಿಯ ಬಗ್ಗೆ ಅರ್ಧ ಗಂಟೆ ಮಾತಾಡಿದ ಮನುಷ್ಯ ನನ್ನ ಮಗಳ ಬಗ್ಗೆ ಬಾಯಿ ಬಿಡಲಿಲ್ಲವಲ್ಲ ಎಂದು ನನಗೆ ಸಿಟ್ಟು ಬಂತು.

ಬಜೆಯೂ ಆಯಿತು, ಶ್ಲೋಕವೂ ಆಯಿತು. ಎರಡನ್ನೂ ನಾನು ಒಂದೇ ಬೆಳಿಗ್ಗೆ ಮಾಡುವವನು. ಕಹಿ ಹತ್ತಿದ ನಾಲಗೆಯಲ್ಲಿ ಮಗು ಒಂದಕ್ಷರ ಹಿಡಿದು ಹೆಣಗುವಾಗ ಮುಂದಿನದನ್ನು ನಾನೇ ಹೇಳಿಬಿಡುತ್ತಿದ್ದೆ. ಅವಳು ಬಾಯಿ ಮುಚ್ಚಿಕೊಂಡು ನನ್ನ ಮುಖ ನೋಡುವಳು. "ಹುಡುಗೀನ್ನ ಸುಮ್ಮ ಬಿಡ್ರೀ," ಎಂದು ಹೆಂಡತಿ ಬಜೆಯ ಬೇರನ್ನು ಗ್ಯಾಲರಿಯಿಂದಾಚೆ ಎಸೆದಳು. ಆ ವಾರವೇ ಪಿಂಟೋ ಆಫೀಸಿನಲ್ಲಿ, "ಸಂಡೇ ಮಗಳನ್ನು ಕರ್ಕೊಂಡು ಬನ್ನಿ," ಎಂದರು.

ಪವಾಯಿಯೆಂದರೆ ಆಗ ಕೆರೆ, ಹುಲ್ಲು, ಎಮ್ಮೆ. ಪಕ್ಕದಲ್ಲೇ ದೊಡ್ಡ ಕಾಲೇಜೊಂದು ಬರುತ್ತದಂತೆ ಎಂಬ ಸುದ್ದಿಯಿತ್ತು, ನಾವು ನಂಬಿರಲಿಲ್ಲ. ಶೆಟ್ಟರು ಮಗಳ ಕೈಗೆ ಚಕ್ಕುಲಿ ಕೊಟ್ಟು ಹೆಸರೇನೆಂದು ಕೇಳಿದರು. "ಸು... ಸು..." ಎಂದಳು. "ಸುಮಿತ್ರಾ," ಎಂದೆ ನಾನು. ಯಾವ ಕ್ಲಾಸು ಎಂದರು. ಅದನ್ನೂ ನಾನೇ ಹೇಳಿದೆ.

ಪಿಂಟೋ ತಿರುಗಿ ನೋಡಿದರು. "ನೀವು ಮೀನು ಕಚ್ಚುವ ಮುಂಚೆ ಎಳೀತೀರಿ. ಮಗಳ ಮಾತನ್ನೂ ಹಾಗೇ ಎಳೀತೀರಿ. ಆ ಮರದ ಹತ್ರ ಹೋಗಿ ಕೂತ್ಕೊಳ್ಳಿ. ಎಂತ ಆದ್ರೂ ಬಾಯಿ ಹಾಕ್ಬೇಡಿ."

ಎಲ್ಲರೆದುರು ಹೇಳಿದರಲ್ಲ ಎಂದು ಮೈ ಉರಿಯಿತು. ಆದರೂ ಹೋಗಿ ಕೂತೆ. ಪಿಂಟೋ ಸುಮಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿಂದಿ ಬೆರೆತ ತಮ್ಮ ಮಂಗಳೂರು ಕನ್ನಡದಲ್ಲಿ, "ನೀನು ಎಳಿ ಅಂದ್ರೆ ಮಾತ್ರ ನಾನು ಎಳೀತೇನೆ. ಪಕ್ಕಾ," ಎಂದರು. ಬಹಳ ಹೊತ್ತಿನ ಮೇಲೆ ಬೆಂಡು ನಡುಗಿತು, ಮುಳುಗಿತು, ದಾರ ಬಿಗಿಯಾಯಿತು. ದೊಡ್ಡ ಮೀನೇ ಇರಬೇಕು, ಕೋಲು ಬಾಗಿತು. ಸುಮಿ ಎದ್ದು ನಿಂತಳು. "ಎ... ಎ..." ಎಂದಳು. ಪಿಂಟೋ ಅವಳ ಕಡೆ ಮುಖ ಮಾಡಿ ಸುಮ್ಮನೆ ಕಾದರು. ನನ್ನ ಗಂಟಲಲ್ಲಿ ಆ ಮಾತು ಪೂರ್ತಿಯಾಗಿ, ಸಿದ್ಧವಾಗಿ ಕೂತಿತ್ತು. ಎರಡೂ ಕೈಯಲ್ಲಿ ಹುಲ್ಲು ಹಿಡಿದುಕೊಂಡೆ. ಒಂದು ಮೀನಿಗಾಗಿ ಬೆಳಗಿನಿಂದ ಸಂಜೆಯವರೆಗೆ ಕೂರುವ ಮನುಷ್ಯ ಆ ಮೀನನ್ನು ಬಿಟ್ಟು ನನ್ನ ಮಗಳ ಬಾಯಿ ನೋಡುತ್ತಿದ್ದರು.

"ಎ... ಎಳೀರಿ!" ಎಂದಳು. ಎಳೆದರು. ಬರಿಯ ಕೊಕ್ಕೆ ಬಂತು.

"ಹೋಯ್ತು," ಎಂದರು ಪಿಂಟೋ, ಏನೂ ಆಗದವರಂತೆ. ಸುಮಿ ನಕ್ಕಳು. ಅವಳ ನಗು ಕೇಳಿ ಎಷ್ಟು ದಿನವಾಗಿತ್ತೋ, ನನ್ನ ಕಣ್ಣು ತುಂಬಿಬಂತು. "ಮ... ಮತ್ತೊಂದು ಬರ್ತದ," ಎಂದಳು. ಆಮೇಲೆ ಅವರಿಬ್ಬರೂ ಡಬ್ಬಿಯ ಮೇಲೆ ಬಗ್ಗಿ ಸಂಜೆಯವರೆಗೆ ಏನೇನೋ ಮಾತಾಡಿದರು. ತಡೆತಡೆದು ಬರುತ್ತಿದ್ದ ಆ ದನಿ ನನ್ನ ಮರದವರೆಗೂ ಕೇಳುತ್ತಿತ್ತು.

ವಾಪಸು ಬರುವಾಗ ಲೋಕಲ್‌ನಲ್ಲಿ ಸುಮಿ ನನ್ನ ತೋಳು ಜಗ್ಗಿದಳು. ಪಿಂಟೋ ಅಂಕಲ್ ಉಂಡೆಗೆ ಏನು ಹಾಕುತ್ತಾರೆಂದು ತನಗೆ ಗೊತ್ತು ಎಂದಳು. ಅಷ್ಟು ಹೇಳಿ ಮುಗಿಸಲು ಘಾಟ್ಕೋಪರ್ ದಾಟಬೇಕಾಯಿತು. ನನಗೋ ಕೂತಲ್ಲಿ ಕೂರಲಾಗಲಿಲ್ಲ. ವರ್ಷಗಟ್ಟಲೆ ನಮ್ಮಲ್ಲಿ ಯಾರಿಗೂ ದಕ್ಕದ ಗುಟ್ಟು!

"ಏನವಾ ಅದು?" ಎಂದೆ.

"ಹ... ಹ..." ಎಂದಳು. ಹಿಂಗು ಇರಬಹುದೇ? ಹುರಿಗಡಲೆ? ಹಸಿಶುಂಠಿ? ಎಲ್ಲವೂ ನನ್ನ ನಾಲಗೆಯ ತುದಿಗೆ ಬಂದು ನಿಂತವು. ಕುರ್ಲಾ ಬಂತು, ಹೋಯಿತು. ನಾನು ಬಾಯಿ ಬಿಡಲಿಲ್ಲ. ಸುಮಿ ನನ್ನ ಮುಖವನ್ನೇ ನೋಡುತ್ತಿದ್ದಳು, ಅಪ್ಪ ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು. ಹೇಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ನಿಧಾನವಾಗಿ ಉಸಿರೆಳೆದುಕೊಂಡಳು.

"ಹ... ಹೇಳಂಗಿಲ್ಲಪ್ಪಾ."

ನಮ್ಮ ಸ್ಟೇಷನ್ ದಾದರ್ ಬಂದಾಗ ಎಲ್ಲರೂ ನೂಕಿಕೊಂಡು ಇಳಿದರು. ನಾವಿಬ್ಬರೂ ಎಲ್ಲರಿಗಿಂತ ಕೊನೆಗೆ ಇಳಿದೆವು.